ಬಾಗಿಲು ಮುಚ್ಚಿ ಹರಸಿದ ಆಂಜನೇಯ

ಆಕಾಶದಲ್ಲಿ ಯಾರೋ ಮಿಕ್ಸಿ ತಿರುಗಿಸಿದಂಥ ಸದ್ದು. ಜಕ್ಕೂರಿನ ಕಡೆಯಿಂದ ಪುಟ್ಟ ಟ್ರೈನಿಂಗ್ ವಿಮಾನವೊಂದು ಬಸವೇಶ್ವರನಗರದ ನಮ್ಮ ತಾರಸಿಯ ಮೇಲೆ ಹಾದುಹೋಗುವಾಗ ಹಾಗೆ ಕೇಳಿಸುತ್ತಿತ್ತು. ದೇವನಹಳ್ಳಿಯ ಏರ್‌ಪೋರ್ಟ್ ಇನ್ನೂ ತೆರೆದಿರದ ಕಾಲ. ನಾನು ಬಟ್ಟೆ ಒಣಹಾಕುವುದನ್ನು ಬಿಟ್ಟು ಕತ್ತೆತ್ತಿ ನೋಡುತ್ತಿದ್ದೆ. ಅದರೊಳಗೆ ನನ್ನ ಮೊಮ್ಮಗಳು ಚೈತ್ರ ಇದ್ದರೂ ಇರಬಹುದು ಎಂದು ಒಂದು ಕೈ ಬೀಸಿಯೂ ಬಿಡುತ್ತಿದ್ದೆ. ೨೦೦೬ರ ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಸದ್ದು ಕೇಳಿದರೆ ಸಾಕು, ಒಳಗೆ ಹೋಗಿ ಕಿಟಕಿ ಹಾಕಿಕೊಳ್ಳುವಂತಾಯಿತು. ಮೆಡಿಕಲ್ ಪರೀಕ್ಷೆಯಲ್ಲಿ ಚೈತ್ರಳಿಗೆ "ಟೆಂಪರರಿ ಅನ್‌ಫಿಟ್" ಎಂದು ಬಂದಿತ್ತು.

ಆಸ್ತಿಕರಾದ ನಿಮ್ಮೆಲ್ಲರ ಮುಂದೆ ಇದನ್ನು ಹೇಳಿಕೊಳ್ಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನಾನು ಕಾನ್ವೆಂಟಿನಲ್ಲಿ ಓದಿದವಳು. "ಯೂ ಆಸ್ಕ್ ಟೂ ಮೆನಿ ಕ್ವೆಶ್ಚನ್ಸ್, ಚೈಲ್ಡ್" ಎಂದು ಸಿಸ್ಟರ್ ಬೈಯುತ್ತಿದ್ದರು. ಆ ಚಾಳಿ ಇಷ್ಟು ವಯಸ್ಸಾದರೂ ಹೋಗಿಲ್ಲ. ಜಾಗ್ರಫಿ ಕ್ಲಾಸಿನಲ್ಲಿ ಗ್ಲೋಬನ್ನು ತಿರುಗಿಸುತ್ತಾ ಇಲ್ಲೆಲ್ಲ ಹೋಗಬೇಕು ಎಂದುಕೊಂಡವಳು ಮದುವೆಯಾಗಿ ರಾಜಾಜಿನಗರಕ್ಕೆ ಬಂದೆ, ಆಮೇಲೆ ಬಸವೇಶ್ವರನಗರಕ್ಕೆ. ನನ್ನ ವರ್ಲ್ಡ್ ಟೂರ್ ಅಷ್ಟೇ. ಅದಕ್ಕೇ ಏನೋ, ಮೊಮ್ಮಗಳು ಪೈಲಟ್ ಆಗುತ್ತೇನೆ ಎಂದಾಗ ಮನೆಯಲ್ಲಿ ಮೊದಲು "ಆಗು" ಎಂದವಳು ನಾನೇ. ನನ್ನ ಮಗಳು ರೇಖಾ, ಅಂದರೆ ಚೈತ್ರಳ ತಾಯಿ, ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಚೈತ್ರ ಓದುವಾಗ ನಾನು ಪಕ್ಕದಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಾ ಪ್ರಶ್ನೆ ಕೇಳುತ್ತಿದ್ದೆ.

"ಲೈಸೆನ್ಸು ಬೇರೆ, ರೇಟಿಂಗು ಬೇರೆ ಅಂತೀಯಲ್ಲ, ಏನೇ ಅದು? ಮಾರ್ಕ್ಸಾ?"

"ಮಾರ್ಕ್ಸಲ್ಲ ಅಜ್ಜಿ. ಲೈಸೆನ್ಸ್ ಅಂದ್ರೆ ನೀನು ಹಾರಿಸಬಹುದು ಅಂತ. ರೇಟಿಂಗ್ ಅಂದ್ರೆ ಎಂಥಾ ವಿಮಾನ, ಎಂಥಾ ಹವೆಯಲ್ಲಿ ಅಂತ. ಎರಡು ಎಂಜಿನ್ ಇರೋದಕ್ಕೆ ಒಂದು. ಮೋಡದೊಳಗೆ ಹೊರಗಡೆ ಏನೂ ಕಾಣ್ದೇ ಇದ್ದಾಗ ಬರೀ ಮೀಟರ್ ನೋಡ್ಕೊಂಡು ಹಾರಿಸೋದಕ್ಕೆ ಇನ್ನೊಂದು."

"ಏನೂ ಕಾಣ್ದೇ ಇದ್ರೂ ಹಾರಿಸ್ತಾರಾ?"

"ಕಣ್ಣನ್ನ ನಂಬಬಾರ್ದು ಅಜ್ಜಿ ಆಗ. ಮೀಟರನ್ನ ನಂಬಬೇಕು."

ಇದು ನಾವು ದೇವರನ್ನು ನಂಬಿದ ಹಾಗೇ ಇದೆಯಲ್ಲ ಎಂದೆ. ಅವಳು ನಕ್ಕಳು. "ನಿಂದೊಂದು. ಮೀಟರ್‌ಗೆ ನಾವು ಸರ್ವಿಸ್ ಮಾಡಿಸ್ತೀವಿ."

ವಿಮಾನ ಹಾರಿಸಿ ತೋರಿಸಿದ್ದು, ಬರೆದು ಪಾಸಾಗಿದ್ದು ಎಲ್ಲ ಆಗಿತ್ತು. ಉಳಿದಿದ್ದು ಮೆಡಿಕಲ್ ಒಂದೇ. ಕಲಿಯುವವರಿಗೆ ಕ್ಲಾಸ್ ಟೂ ಸಾಕಂತೆ. ಪ್ಯಾಸೆಂಜರ್‌ಗಳನ್ನು ಕೂರಿಸಿಕೊಂಡು ಸಂಬಳಕ್ಕೆ ಹಾರಿಸುವವರಿಗೆ ಕ್ಲಾಸ್ ಒನ್ ಬೇಕು. ಕಣ್ಣು, ಕಿವಿ, ಎದೆ, ಮಿದುಳು, ರಕ್ತ, ಯಾವುದನ್ನೂ ಬಿಡುವುದಿಲ್ಲ. ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿ ಒಳಗೆ ಅಡಗಿರುವ ಅಂಕಿ ಯಾವುದು ಎಂದು ಕೇಳುತ್ತಾರಂತೆ. ಪೆಡಲ್ ಎಟುಕುತ್ತದೋ ಇಲ್ಲವೋ ಎಂದು ಕಾಲಿನ ಉದ್ದವನ್ನೂ ಅಳೆಯುತ್ತಾರಂತೆ! ನನಗೋ ಇದೆಲ್ಲ ಕಥೆ ಕೇಳಿದ ಹಾಗೆ. ಚೈತ್ರಳಿಗೆ ಮಾತ್ರ ಇದು ಪ್ರಾಣ. ಹಾರಿಸಿ ತೋರಿಸಿದ ಪರೀಕ್ಷೆಗಳಿಗೂ ವಾಯಿದೆ ಇರುತ್ತದೆ. ಅದು ಮುಗಿಯುವುದರೊಳಗೆ ಮೆಡಿಕಲ್ ಸಮೇತ ಅರ್ಜಿ ದೆಹಲಿಗೆ ಹೋಗದಿದ್ದರೆ ಮತ್ತೆ ಮೊದಲಿಂದ.

ಕುರುಬರಹಳ್ಳಿಯಲ್ಲಿ ನಮ್ಮ ಆಂಜನೇಯನ ಗುಡಿಯಿದೆ. ಚಿಕ್ಕದು, ಎರಡು ಮನೆಗಳ ನಡುವೆ ಇಕ್ಕಟ್ಟಾಗಿ ಕೂತಿದೆ. ವಾಯುಪುತ್ರನಿಗಿಂತ ಪೈಲಟ್‌ಗೆ ಬೇರೆ ದೇವರು ಯಾರು? ಇವಳ ಪರೀಕ್ಷೆ ಇದ್ದ ದಿನವೆಲ್ಲ ಬೆಳಗಿನ ಅಭಿಷೇಕ ನೋಡಿಯೇ ಕಳಿಸುತ್ತೇನೆ ಎಂದು ಹರಸಿಕೊಂಡಿದ್ದೆ. ಅರ್ಚಕರು ಭಟ್ಟರು, ನನಗಿಂತ ಸ್ವಲ್ಪ ಚಿಕ್ಕವರು, ವಿಪರೀತ ಮಾತಿನ ಮನುಷ್ಯ. ಚೈತ್ರಳನ್ನು ಕಂಡರೆ ಅವರಿಗೆ ಅಕ್ಕರೆ.

"ಬಾರಮ್ಮ ಹಾರೋ ಹುಡುಗಿ. ನಮ್ಮ ಸ್ವಾಮಿ ಲೈಸೆನ್ಸ್ ಇಲ್ದೇ ಲಂಕೆಗೆ ಹಾರಿದ. ನಿನಗೇನೇ ಇಷ್ಟೊಂದು ಟೆಸ್ಟು?"

"ಅವನು ಪ್ಯಾಸೆಂಜರ್ ಕೂರಿಸ್ಕೊಂಡು ಹೋಗ್ಲಿಲ್ವಲ್ಲ ಭಟ್ರೇ."

"ಅದೂ ಸರಿ. ಬೆಟ್ಟ ಹೊತ್ಕೊಂಡು ಬಂದ, ಅದು ಕಾರ್ಗೋ!"

ಮೆಡಿಕಲ್ ದಿನ ಹೀಗೇ ನಗುತ್ತಾ ಗುಡಿಯಿಂದ ಹೊರಟೆವು. ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ ಊರಿನ ಆ ತುದಿಯ ಮೆಡಿಕಲ್ ಸೆಂಟರಿಗೆ ಇನ್ನೊಂದು. ಅಲ್ಲಿ ರಕ್ತ ತೆಗೆಯುವ ಮೊದಲು "ಖಾಲಿ ಹೊಟ್ಟೆ ತಾನೆ?" ಎಂದು ಕೇಳಿದರಂತೆ. "ಹೌದು ಸರ್, ಏನೂ ತಿಂದಿಲ್ಲ" ಎಂದಳಂತೆ ಇವಳು. ಉಳಿದೆಲ್ಲವೂ ಫಸ್ಟ್ ಕ್ಲಾಸ್. ಸಕ್ಕರೆ ಮಾತ್ರ ಜಾಸ್ತಿ. ಡಯಾಬಿಟಿಸ್ ಇರಬಹುದು, ನಿಮ್ಮ ಡಾಕ್ಟರ ಹತ್ತಿರ ಪೂರ್ತಿ ತೋರಿಸಿಕೊಂಡು ಮತ್ತೆ ಬಾ ಎಂದು ಕಳಿಸಿದರು. ಅವರದೇನೂ ತಪ್ಪಿಲ್ಲ. ಆಕಾಶದಲ್ಲಿ ಪೈಲಟ್‌ಗೆ ತಲೆ ಸುತ್ತಿದರೆ ಹಿಂದೆ ಕೂತವರ ಗತಿ?

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತವಳು ವಿಜಯನಗರ ಬಂದರೂ ತಿರುಗಲಿಲ್ಲ. ನಾವು ಇಳಿಯಬೇಕಾದ ಸ್ಟಾಪ್ ದಾಟಿಹೋಗಿ ಎಷ್ಟೋ ಹೊತ್ತಾಗಿತ್ತು. ಕಂಡಕ್ಟರ್ "ಅಮ್ಮಾ, ಎಲ್ಲಿಗ್ ಹೋಗ್ಬೇಕು ನೀವು?" ಎಂದು ಕೇಳಿದಾಗ ಅವಳ ಕೈ ಹಿಡಿದುಕೊಂಡು ಮುಂದಿನ ಸ್ಟಾಪಿನಲ್ಲಿ ಇಳಿದೆ.

ರಾಜಾಜಿನಗರದಲ್ಲಿ ಡಾಕ್ಟರ್ ಸುಮತಿ ಎಂಬುವರಿದ್ದರು, ಸಕ್ಕರೆ ಕಾಯಿಲೆಗೆ ಹೆಸರಾದವರು. ಮತ್ತೊಮ್ಮೆ ಖಾಲಿ ಹೊಟ್ಟೆಯ ಟೆಸ್ಟ್ ಬರೆದುಕೊಟ್ಟರು. ಈ ಸಲ ಇನ್ನೂ ಭಕ್ತಿಯಿಂದ ಗುಡಿಗೆ ಹೋದೆವು. ಬೆಣ್ಣೆ ಅಲಂಕಾರವನ್ನೇ ಮಾಡಿಸಿದೆ. ಭಟ್ಟರು ಇವಳ ಹೆಸರಿನಲ್ಲಿ ಅರ್ಚನೆ ಮಾಡಿ, ತಲೆಯ ಮೇಲೆ ಕೈಯಿಟ್ಟು ಹರಸಿ ಕಳಿಸಿದರು. ರಿಪೋರ್ಟ್ ಬಂತು. ಸಕ್ಕರೆ ಹಿಂದಿನದಕ್ಕಿಂತ ಹೆಚ್ಚು!

ಸುಮತಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ವಿಚಿತ್ರ ಕಣ್ರೀ. ಕಳೆದ ಕೆಲವು ತಿಂಗಳ ಆವರೇಜ್ ಹೇಳೋ ಟೆಸ್ಟ್ ಒಂದಿದೆ. ಅದು ಪರ್ಫೆಕ್ಟಾಗಿದೆ. ತೂಕ ಇಳಿದಿಲ್ಲ, ಬಾಯಾರಿಕೆ ಇಲ್ಲ. ಬೆಳಗಿನ ಸಕ್ಕರೆ ಮಾತ್ರ ಯಾಕೆ ಹೀಗೆ?"

"ಈಗೇನ್ ಮಾಡೋದು ಮೇಡಂ?" ಚೈತ್ರಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ನನಗೆ ತಡೆಯಲಾಗಲಿಲ್ಲ.

"ಇನ್ನೊಂದ್ಸಲ ನೋಡೋಣ. ಆಗಲೂ ಹೀಗೇ ಬಂದ್ರೆ ಡಯಾಬಿಟಿಸ್ ಅಂತ ಬರೆದು ಚಿಕಿತ್ಸೆ ಶುರು ಮಾಡ್ಬೇಕಾಗತ್ತೆ. ಹಾಗೆ ಬರೆದ ಮೇಲೆ ನಿನ್ನ ಕ್ಲಾಸ್ ಒನ್ ಕಷ್ಟ ಆಗಬಹುದು ಕಣಮ್ಮ."

ಆ ದಿನಗಳಲ್ಲಿ ಮನೆಯಲ್ಲಿ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದೆವು. ಇವಳು ಅನ್ನ ಬಿಟ್ಟಳು, ಓಡಿದಳು, ಹಾಗಲಕಾಯಿ ರಸ ಕುಡಿದಳು. ಇಷ್ಟೆಲ್ಲ ಮಾಡುವವಳ ಮೈಯಲ್ಲಿ ಸಕ್ಕರೆ ಎಲ್ಲಿಂದ ಬರುತ್ತದೆ? ಅಪ್ಪನ ಕಡೆಯಿಂದಲೋ, ನಮ್ಮ ಕಡೆಯಿಂದಲೋ ಎಂದು ನಾನು ಸತ್ತುಹೋದ ನೆಂಟರ ಕಾಯಿಲೆಗಳನ್ನೆಲ್ಲ ನೆನಪಿಸಿಕೊಂಡೆ. ದಿಗಿಲಿನ ನಡುವೆಯೂ ನನಗೆ ಇದೊಂದು ಒಗಟಾಗಿಬಿಟ್ಟಿತ್ತು. ಗಾಡ್ ಫರ್ಗಿವ್ ಮಿ, ಪ್ರಾರ್ಥನೆಗೆ ಕೂತರೂ ಅದೇ ಯೋಚನೆ.

ಮೂರನೆಯ ಟೆಸ್ಟಿನ ಹಿಂದಿನ ಸಂಜೆ ಚೈತ್ರ ಸಿಡಿದಳು. "ನಾಳೆ ನಾನು ಗುಡಿಗೆ ಬರಲ್ಲ. ಪ್ರತೀ ಸಲ ಹೋಗ್ತೀವಿ, ಪ್ರತೀ ಸಲ ಫೇಲ್. ನಿನ್ನ ಆಂಜನೇಯಂಗೆ ನಾನು ಹಾರೋದು ಇಷ್ಟ ಇಲ್ಲ ಅನ್ಸತ್ತೆ."

"ಹಾಗನ್ಬೇಡ ಕಣೇ."

"ಮತ್ತಿನ್ನೇನ್ ಅನ್ಲಿ? ನೀನೇ ಹೇಳು. ಎಲ್ಲಾದಕ್ಕೂ ಪ್ರಶ್ನೆ ಕೇಳ್ತೀಯ, ಅವನ್ನೊಂದ್ ಕೇಳು!"

ದೇವರ ಕೋಣೆಗೆ ಹೋಗಿ ನಿಂತೆ. ಇವಳಿಗೆ ಇದು ಬೇಡವೆಂದಿದ್ದರೆ ಹಾಗೆಂದು ಸ್ಪಷ್ಟವಾಗಿ ಹೇಳಿಬಿಡಪ್ಪ, ಹೀಗೆ ಬಾಗಿಲು ಅರ್ಧ ತೆಗೆದು ನಿಲ್ಲಿಸಬೇಡ ಎಂದು ಬೇಡಿಕೊಂಡೆ. ಬೆಳಿಗ್ಗೆ ಅವಳೇ ಸ್ನಾನ ಮಾಡಿ ಬಂದು ಚಪ್ಪಲಿ ಹಾಕಿಕೊಂಡಳು. "ನಡಿ. ಕೊನೇ ಸಲ. ನಿನಗೋಸ್ಕರ."

ಗುಡಿಯ ಬಾಗಿಲು ಹಾಕಿತ್ತು.

ಹೊರಗೆ ಜಗಲಿಯ ಮೇಲೆ ಭಟ್ಟರು ಸುಮ್ಮನೆ ಕೂತಿದ್ದರು. ಗುಡಿಯ ಎದುರುಮನೆಯ ಹಿರಿಯರೊಬ್ಬರು ಬೆಳಗಿನ ಜಾವ ತೀರಿಕೊಂಡಿದ್ದರು. ಬೀದಿಯಲ್ಲಿ ಶವ ಇರುವವರೆಗೆ ಗುಡಿ ತೆಗೆಯುವ ಪದ್ಧತಿಯಿಲ್ಲ. ಅಭಿಷೇಕವಿಲ್ಲ, ಮಂಗಳಾರತಿಯಿಲ್ಲ.

"ಇವತ್ತೇ ಆಗ್ಬೇಕಿತ್ತಾ ಭಟ್ರೇ?" ಎಂದೆ. ಮರುಕ್ಷಣ ನಾಲಿಗೆ ಕಚ್ಚಿಕೊಂಡೆ. ಎದುರಿನ ಮನೆಯಲ್ಲಿ ಹೆಂಗಸರು ಅಳುತ್ತಿದ್ದರು.

"ಏನ್ ಮಾಡೋದು ತಾಯಿ. ಇಲ್ಲಿಂದಲೇ ಕೈ ಮುಗೀರಿ. ಕದ ಹಾಕಿದ್ರೆ ಅವನಿಗೇನು ಕಿವಿ ಕೇಳ್ಸಲ್ವಾ?"

ಮುಚ್ಚಿದ ಬಾಗಿಲಿಗೆ ಕೈ ಮುಗಿದು ಲ್ಯಾಬಿಗೆ ಹೋದೆವು. ನಾನು ಕೇಳಿದ್ದಕ್ಕೆ ದೇವರು ಉತ್ತರ ಕೊಟ್ಟೇಬಿಟ್ಟ, ಪೂರ್ತಿ ಬಾಗಿಲು ಹಾಕಿದ ಎಂದೇ ನಾನು ತಿಳಿದೆ. ದಾರಿಯುದ್ದಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಸಂಜೆ ಸುಮತಿಯವರು ರಿಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ನಾರ್ಮಲ್. ಕಂಪ್ಲೀಟ್ಲಿ ನಾರ್ಮಲ್." ಅವರ ಮುಖದಲ್ಲಿ ಸಂತೋಷಕ್ಕಿಂತ ಗುಮಾನಿ ಹೆಚ್ಚಿತ್ತು. "ಇವತ್ತು ಬೆಳಿಗ್ಗೆ ಬೇರೆ ಥರ ಏನಾದ್ರೂ ಮಾಡಿದ್ರಾ?"

"ಏನೂ ಇಲ್ಲ ಡಾಕ್ಟ್ರೇ. ದೇವಸ್ಥಾನ ಕ್ಲೋಸ್ ಆಗಿತ್ತು, ಅಷ್ಟೇ."

"ಪ್ರತೀ ಟೆಸ್ಟ್ ದಿನ ದೇವಸ್ಥಾನಕ್ಕೆ ಹೋಗ್ತಿದ್ರಾ? ಅಲ್ಲಿ ಏನ್ ಕೊಡ್ತಾರೆ?"

"ತೀರ್ಥ, ಪ್ರಸಾದ."

"ಪ್ರಸಾದ ಅಂದ್ರೆ?"

"ಪಂಚಾಮೃತ. ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ. ಆಮೇಲೆ ಬಾಳೆಹಣ್ಣಿನ ರಸಾಯನ ಒಂದು ದೊನ್ನೆ. ಹೋದ್ಸಲ ಅಲಂಕಾರದ ಬೆಣ್ಣೆಗೆ ಕಲ್ಲುಸಕ್ಕರೆ ಹಾಕಿ ಕೊಟ್ಟಿದ್ರು. ಇವಳಿಗೆ ಭಟ್ಟರು ಯಾವಾಗಲೂ ಎರಡು ದೊನ್ನೆ..."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಮ್ಮಾ. ಖಾಲಿ ಹೊಟ್ಟೇಲಿ ಬನ್ನಿ ಅಂದಿದ್ದೆ."

"ಖಾಲಿ ಹೊಟ್ಟೇಲೇ ಬಂದಿದ್ದು! ಅದು ಪ್ರಸಾದ ಅಲ್ವಾ ಡಾಕ್ಟ್ರೇ, ತಿಂಡಿ ಅಲ್ವಲ್ಲ."

ಚೈತ್ರ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಏರೋಪ್ಲೇನ್ ಹಾರಿಸುವ ಹುಡುಗಿ, ಫಿಸಿಕ್ಸ್ ಓದಿದವಳು, ಅವಳಿಗೂ ಒಂದು ದಿನವೂ ಹೊಳೆದಿರಲಿಲ್ಲ. ಏಕಾದಶಿಯ ಉಪವಾಸದಲ್ಲೂ ನಮ್ಮ ಮನೆಯಲ್ಲಿ ಪ್ರಸಾದಕ್ಕೆ ಅಡ್ಡಿಯಿಲ್ಲ. ಅದು ಹೊಟ್ಟೆಯ ಲೆಕ್ಕಕ್ಕೆ ಸೇರುವುದೇ ಇಲ್ಲ. ಸುಮತಿಯವರು ಮೊದಲು ತಡೆದುಕೊಂಡು, ಆಮೇಲೆ ತಡೆಯಲಾರದೆ ನಕ್ಕರು. "ನಮ್ಮಮ್ಮನೂ ಹೀಗೇ ಕಣ್ರೀ. ಮಾತ್ರೆ ತಗೊಳ್ಳೋ ಡಯಾಬಿಟಿಸ್ ಪೇಷೆಂಟು, ಪ್ರಸಾದದ ಲಡ್ಡು ಮಾತ್ರ ಲೆಕ್ಕಕ್ಕಿಲ್ಲ ಅಂತಾರೆ."

ಗಟ್ಟಿಯಾಗಲಿ ಎಂದು ಗ್ಲೂಕೋಸ್ ನೀರು ಕುಡಿಸಿ ಮಾಡುವ ದೊಡ್ಡ ಟೆಸ್ಟನ್ನೂ ಮಾಡಿಸಿದರು. ಎಲ್ಲ ಸರಿಯಿತ್ತು. ಮತ್ತೆ ಆ ತುದಿಗೆ ಬಸ್ಸು ಹತ್ತಿದೆವು. ವಾಯಿದೆ ಮುಗಿಯುವುದರೊಳಗೆ ಕ್ಲಾಸ್ ಒನ್ ಫಿಟ್ ಎಂದು ಬಂತು, ಹಿಂದೆಯೇ ಲೈಸೆನ್ಸೂ ಬಂತು.

ಇದರಲ್ಲಿ ದೇವರದೇನಿದೆ, ಪಂಚಾಮೃತದ ಸಕ್ಕರೆ ತಾನೆ ಎಂದು ರೇಖಾ ಈಗಲೂ ಕೆಣಕುತ್ತಾಳೆ. ಇರಬಹುದು. ಆದರೆ ಆ ಒಂದು ಬೆಳಿಗ್ಗೆ ಗುಡಿ ತೆರೆದಿದ್ದರೆ ನನ್ನ ಮೊಮ್ಮಗಳು ಇಲ್ಲದ ಕಾಯಿಲೆಗೆ ಮಾತ್ರೆ ನುಂಗಿಕೊಂಡು ಕೆಳಗೇ ಉಳಿಯುತ್ತಿದ್ದಳು. ಎದುರುಮನೆಯವರ ಸಾವಿಗೆ ನಾನು ಥ್ಯಾಂಕ್ಸ್ ಹೇಳಲಾರೆ. ಹೇಳಿದರೆ ಅದು ಪಾಪ. ಹಾಗಾದರೆ ಯಾವುದಕ್ಕೆ ಕೃತಜ್ಞತೆ ಹೇಳುತ್ತಿದ್ದೇನೆ? ಎಷ್ಟು ಯೋಚಿಸಿದರೂ ಈ ಗಂಟು ಪೂರ್ತಿ ಬಿಚ್ಚಿಕೊಂಡಿಲ್ಲ. ಇಷ್ಟು ಗೊತ್ತು: ಕೊಡುವುದು ಮಾತ್ರ ಕೃಪೆ ಎಂದುಕೊಂಡಿದ್ದೆ, ಕೊಡದೆ ಇರುವುದೂ ಅವನ ಕೈಯದೇ. ಅಂದಿನಿಂದ ನಾನು ಬೇಡುವುದು ಕಡಿಮೆಯಾಗಿದೆ, ನಂಬುವುದು ಜಾಸ್ತಿಯಾಗಿದೆ. ಎದುರುಮನೆಯವರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಗುಡಿಯಲ್ಲಿ ದೀಪ ಹಚ್ಚಿಸುತ್ತೇನೆ.

ಪೈಲಟ್‌ಗಳ ಮೆಡಿಕಲ್ ಒಂದು ಸಲಕ್ಕೆ ಮುಗಿಯುವುದಿಲ್ಲ, ವರ್ಷವರ್ಷವೂ ಮಾಡಿಸಬೇಕು. ಎರಡು ವರ್ಷದ ಮೇಲೆ ಮತ್ತೆ ಮೆಡಿಕಲ್ ಬಂದ ಹೊತ್ತಿಗೆ ಚೈತ್ರ ಕೋ-ಪೈಲಟ್ ಆಗಿದ್ದಳು, ಹೊಸ ಏರ್‌ಪೋರ್ಟೂ ಶುರುವಾಗಿತ್ತು. ಮೆಡಿಕಲ್‌ಗೆ ಹೋಗುವ ಬೆಳಿಗ್ಗೆ ಆಟೋದಿಂದ ಇಳಿಯದೆ, ಗುಡಿಯ ಮುಂದೆ ಒಂದು ಗಳಿಗೆ ನಿಲ್ಲಿಸಿ ಕೈ ಮುಗಿದೆವು. ಪಂಚಾಮೃತದ ಕಥೆಯನ್ನೆಲ್ಲ ನನ್ನಿಂದ ಕೇಳಿದ್ದ ಭಟ್ಟರು ಒದ್ದೆ ಪಂಚೆಯಲ್ಲೇ ಓಡಿಬಂದರು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ.

"ಮುಚ್ಚಳ ಬಿಗಿಯಾಗಿ ಹಾಕಿದೀನಿ. ರಕ್ತ ಕೊಟ್ಟಾದ್ಮೇಲೆ ತಿನ್ನು ಕಣಮ್ಮ. ಅಲ್ಲಿ ತನಕ ಅಜ್ಜಿ ಕೈಗೆ ಕೊಡ್ಬೇಡ, ಅವರಿಗೆ ಕುತೂಹಲ ಜಾಸ್ತಿ."

"ಏನ್ ಭಟ್ರೇ, ನನ್ಮೇಲೇ ಕಂಪ್ಲೇಂಟಾ?" ಎಂದೆ.

ಆಟೋ ಹೊರಟಿತು. ಆ ಚಳಿಗಾಲದಲ್ಲೇ ಅವರು ತಮ್ಮ ಊರಿಗೆ ಹೋದವರು ಅಲ್ಲೇ ತೀರಿಕೊಂಡರೆಂದು ಆಮೇಲೆ ತಿಳಿಯಿತು. ನಾನು ಅವರನ್ನು ಕಡೆಯ ಸಲ ನೋಡಿದ್ದು ಆವತ್ತು, ಆಟೋದ ಪಕ್ಕಕ್ಕೆ ಬಗ್ಗಿ ಹಿಂದೆ ತಿರುಗಿದಾಗ. ಬೀದಿಯ ನಡುವೆ ಒದ್ದೆ ಪಂಚೆಯನ್ನು ಎತ್ತಿ ಹಿಡಿದುಕೊಂಡು, ನಮ್ಮ ಕಡೆ ಕೂಗಿ ಹೇಳುತ್ತಿದ್ದರು: "ಡಾಕ್ಟ್ರಿಗೂ ಒಂಚೂರು ಕೊಡಮ್ಮಾ!"