ಏಳು ಗಂಟೆಯ ಕುರ್ಚಿ

ಶೈಲಶ್ರೀಯ ಮನೆಯಲ್ಲಿ ಇರುವುದು ಒಂದೇ ಕುರ್ಚಿ. ಪ್ಲಾಸ್ಟಿಕ್ಕಿನದು, ಒಂದು ಕೈ ಸೀಳಿದೆ. ಬೆಳಗ್ಗೆ ಗಂಡ ಮಲ್ಲೇಶ ಅದರ ಮೇಲೆ ಕೂತು ಚಹಾ ಕುಡಿಯುತ್ತಾನೆ. ಮಧ್ಯಾಹ್ನ ಅತ್ತೆ ಗುರುಬಸವ್ವ ಅದರಲ್ಲಿ ಒರಗಿ ಟಿವಿ ನೋಡುತ್ತಾಳೆ. ಉಳಿದ ಹೊತ್ತೆಲ್ಲ ಒಣಗಿದ ಬಟ್ಟೆಯ ರಾಶಿ ಅದನ್ನು ಹಿಡಿದಿರುತ್ತದೆ. ಮದುವೆಯಾಗಿ ಹಳಿಯಾಳದಿಂದ ದಾಂಡೇಲಿಗೆ ಬಂದ ಮೇಲೆ ಶೈಲಶ್ರೀ ಆ ಕುರ್ಚಿಯಲ್ಲಿ ಕೂತದ್ದನ್ನು ಯಾರೂ ನೋಡಿರಲಿಲ್ಲ. ಕೂರಬೇಡ ಎಂದು ಯಾರೂ ಅಂದಿರಲಿಲ್ಲ. ಅವಳಿಗೆ ಹೊತ್ತು ಸಿಕ್ಕಿರಲಿಲ್ಲ, ಅಷ್ಟೇ.

ಈಗ ಕೆಲವು ದಿನಗಳಿಂದ ಸಂಜೆ ಏಳಾದರೆ ಆ ಕುರ್ಚಿ ಅವಳದು. ಬಟ್ಟೆಯ ರಾಶಿಯನ್ನು ಮಂಚಕ್ಕೆ ಸರಿಸಿ, ಸೆರಗು ಸರಿಮಾಡಿಕೊಂಡು, ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಕೂರುತ್ತಾಳೆ. 'ಆಫೀಸ್ ಮೀಟಿಂಗ್' ಎಂದರೆ ಸಾಕು, ಟಿವಿಯ ದನಿ ಸಣ್ಣದಾಗುತ್ತದೆ. ಮಲ್ಲೇಶ ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡುತ್ತಾನೆ. ಅವನು ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವನು. ಆಫೀಸ್ ಎಂಬ ಮಾತಿಗೆ ಹೆದರುವುದು ಅವನಿಗೆ ಅಭ್ಯಾಸ. ಮೊದಲ ದಿನ ಗುರುಬಸವ್ವನೇ ಗೊಣಗುತ್ತ ರೊಟ್ಟಿ ಬಡಿದಳು. ಎರಡನೆಯ ದಿನವೂ ಬಡಿದಳು. ಕುರ್ಚಿಯಲ್ಲಿ ಕೂತೇ ಆ ಸದ್ದನ್ನು ಕೇಳಿದ ಶೈಲಶ್ರೀಗೆ ಏನೋ ಹಗುರವೆನಿಸಿತು. ಹಾಗೆ ಹಗುರವಾದದ್ದಕ್ಕೆ ಹೆದರಿಕೆಯೂ ಆಯಿತು.

ಅವಳ ಕೆಲಸ ಕೌದಿಗಳದು. ಹಳಿಯಾಳ, ಜೊಯಿಡಾ, ಮುಂಡಗೋಡ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಹಳೆಯ ಸೀರೆ, ಅಂಗಿ, ಲಂಗಗಳ ತುಂಡು ಕೂಡಿಸಿ ಕೌದಿ ಹೊಲಿಯುತ್ತಾರೆ. ಅವನ್ನು ಊರೂರಿಗೆ ಕಳಿಸಿ ಮಾರುವ ಸಂಘವೊಂದರ ಕಚೇರಿ ಹುಬ್ಬಳ್ಳಿಯಲ್ಲಿದೆ. ಯಾವ ಬಣ್ಣ ಬೇಕು, ಎಷ್ಟು ಅಗಲ, ಎಂದಿಗೆ ಬೇಕು ಎಂದು ಹೆಂಗಸರಿಗೆ ಹೇಳುವುದು, ಅವರ ತೊಂದರೆಯನ್ನು ಕಚೇರಿಗೆ ಮುಟ್ಟಿಸುವುದು ಶೈಲಶ್ರೀಯ ಪಾಲು. ಇಷ್ಟು ದಿನ ಅದೆಲ್ಲ ವಾಟ್ಸಾಪ್ ಗುಂಪಿನಲ್ಲಿ ದನಿಯ ಮೆಸೇಜುಗಳಲ್ಲೇ ನಡೆದಿತ್ತು. ಈಗ ಕಚೇರಿಯವರು ವಿಡಿಯೊ ಮೀಟಿಂಗಿನ ಹೊಸದೊಂದು ಆ್ಯಪ್ ತಂದಿದ್ದಾರೆ. ಎರಡನ್ನೂ ಜೊತೆಯಲ್ಲಿ ನಡೆಸಿ, ಯಾವುದು ಒಳ್ಳೆಯದೆಂದು ಎಲ್ಲರ ಮುಂದೆ ಶೈಲಶ್ರೀ ಹೇಳಬೇಕು. ಮೂರೂ ತಾಲೂಕಿಗೆ ಒಬ್ಬ ಕಾಯಂ ಸಂಯೋಜಕಿಯನ್ನು ನೇಮಿಸುವ ಮಾತೂ ಅದರ ಹಿಂದೆಯೇ ಬಂದಿತ್ತು.

ಮ್ಯಾನೇಜರ್ ಲೋಕೇಶ ಫೋನ್ ಮಾಡಿ ಬಿಚ್ಚಿಯೇ ಹೇಳಿದ್ದ. "ನೋಡ್ರಿ ಮೇಡಂ, ಮ್ಯಾಲಿನವ್ರಿಗೆ ವಿಡಿಯೊನ ಮನಸಿನಾಗ ಐತಿ. ನೀವೂ ಅದನ್ನ ಅಂದ್ರ ನಿಮ್ಮ ಹೆಸರು ಕಳಸಾಕ ನನಗ ತ್ರಾಸಾಗೂದಿಲ್ಲ. ಮತ್ತ ಇನ್ನೊಂದು. ಮೂರು ಸಲ ಮಾರಿ ತೋರಿಸದವ್ರನ್ನ ಗುಂಪಿನಿಂದ ತೆಗೀರಿ ಅಂದಾರ. ಎಲ್ಲಾರಿಗೂ ಒಂದ ನಿಯಮ."

ಹಾಗೆ ಎರಡು ಸಲ ಮುಖ ತೋರಿಸದವಳು ಮಾರ್ಗರೀಟಾ. ಹಳಿಯಾಳದ ಕಾಡಂಚಿನ ಕೇರಿಯೊಂದರ ಸಿದ್ದಿ ಹೆಂಗಸು. ಅವಳ ಅಂಗಳದಲ್ಲಿ ಕೂತು ಹೊಲಿಯುವ ಎಂಟು ಜನಕ್ಕೂ ಇರುವುದು ಅವಳದೊಂದೇ ಫೋನು. ಕೌದಿಯ ನಾಲ್ಕೂ ಮೂಲೆಗೆ ಮಡಿಚಿದ ಬಟ್ಟೆಯ ಹೂವು ಕೂರಿಸುವುದು ಅವರ ರೂಢಿ. ಫೂಲಾ ಎನ್ನುತ್ತಾರೆ. ಅದಿಲ್ಲದ ಕೌದಿ ಬತ್ತಲೆ ಇದ್ದ ಹಾಗೆ, ಯಾರಿಗೂ ಕೊಡುವುದಿಲ್ಲ.

ಮಾರ್ಗರೀಟಾ ಕ್ಯಾಮೆರಾ ಮುಚ್ಚಿರಲಿಲ್ಲ. ಫೋನನ್ನು ಅಗಲ ಬಾಯಿಯ ಸ್ಟೀಲ್ ಡಬರಿಯೊಳಗೆ ನಿಲ್ಲಿಸಿದ್ದಳು. ದನಿಯ ಮೆಸೇಜು ಬಂದಾಗಲೆಲ್ಲ ಅವಳು ಮಾಡುತ್ತಿದ್ದದ್ದು ಹಾಗೆಯೇ. ಡಬರಿಯೊಳಗಿಂದ ದನಿ ಗುಂಯ್ ಎಂದು ದೊಡ್ಡದಾಗಿ ಎದ್ದು, ಸುತ್ತ ಕೂತ ಎಲ್ಲರಿಗೂ ಕೇಳುತ್ತಿತ್ತು. ವಿಡಿಯೊಗೂ ಅವಳು ಡಬರಿಯನ್ನೇ ತಂದಳು. ಹುಬ್ಬಳ್ಳಿಯಲ್ಲಿ ಕೂತ ಲೋಕೇಶನಿಗೆ ಕಂಡದ್ದು ಬೂದು ಬಣ್ಣದ ಒಂದು ಹೊಳಪು ಮಾತ್ರ.

ಶೈಲಶ್ರೀ ಅವಳಿಗೆ ಫೋನ್ ಮಾಡಿ, "ಹೊರಗ ತಗದ ಇಡು ಮಾರ್ಗರೀಟಾ, ಮಾರಿ ಕಾಣಬೇಕಂತ" ಎಂದಿದ್ದಳು.

"ಹೊರಗ ತಗದ್ರ ನಿಮ್ಮ ಮಾತು ಯಾರಿಗೂ ಕೇಳಂಗಿಲ್ಲ ಅಕ್ಕಾ. ಒಬ್ಬಾಕಿ ಕೈಯಾಗ ಹಿಡಕೊಂಡು ತಿರಗಿಸ್ಬೇಕು. ಒಬ್ಬಾಕಿ ಫೋನ್ ಹಿಡದ್ರ ಒಂದು ಸೂಜಿ ನಿಂತಂಗ. ಅದರಾಗ ಏಳು ಅಂದ್ರ ಒಲಿ ಹೊತ್ತು. ಗಂಜಿ ತಿರವೂದು ಬಿಟ್ಟು ಬಂದು ಕುಂತೇವಿ ನಾವು. ಸಾಹೇಬ್ರು ಏನು ನಮ್ಮನ್ನ ಹುಡುಗಿ ನೋಡಾಕ ಬಂದಾರೇನು, ಮಾರಿ ತೋರ್ಸು ಅನ್ನಾಕ?"

ಡಬರಿಯ ಆಚೆ ಎಂಟೂ ಜನ ನಕ್ಕಿದ್ದು ಕೇಳಿಸಿತು. ಶೈಲಶ್ರೀಯೂ ನಕ್ಕಳು. ಆದರೆ ಡಬರಿಯ ಸಂಗತಿಯನ್ನು ಲೋಕೇಶನಿಗೆ ಒತ್ತಿ ಹೇಳಲು ಅವಳ ನಾಲಗೆ ಏಳಲಿಲ್ಲ. ಒತ್ತಿ ಹೇಳಿದರೆ ವಿಡಿಯೊ ಬೇಡ ಎಂದಂತಾಗುತ್ತದೆ. ವಿಡಿಯೊ ಹೋದರೆ ಕಾಯಂ ನೌಕರಿ ಹೋದೀತು. ಅದಕ್ಕಿಂತ ಮೊದಲು ಏಳು ಗಂಟೆಯ ಕುರ್ಚಿ ಹೋಗುತ್ತದೆ.

ವಾಟ್ಸಾಪಿನ ಕೆಲಸಕ್ಕೆ ಕುರ್ಚಿ ಬೇಕಿರಲಿಲ್ಲ. ಫೋನು ಸೊಂಟದಲ್ಲಿ. ಪಾತ್ರೆ ತಿಕ್ಕುತ್ತ, ಮಳಗಿ ಹಳ್ಳಿಯಲ್ಲಿ ಕೌದಿ ಹೊಲಿಯುವ ಸಹನಾಳ ಮಾತು ಕೇಳು, ಕೈ ಒರೆಸಿಕೊಂಡು ಉತ್ತರ ಹೇಳು. ಕಸ ಗುಡಿಸುತ್ತ ಫೋಟೊ ನೋಡು. ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತ ಅಸ್ತರದ ಬಣ್ಣದ ಜಗಳ ಬಗೆಹರಿಸು. ಬೆಳಕು ಹರಿಯುವ ಮೊದಲೇ ಶುರುವಾಗುವ ಟಿಂಗ್ ಸದ್ದು ಹಾಸಿಗೆ ಹಾಸಿದರೂ ನಿಲ್ಲುತ್ತಿರಲಿಲ್ಲ. ಮನೆಗೆಲಸದಲ್ಲಿ ಸಂಘದ ಕೆಲಸ ಎಷ್ಟು ಕಲಸಿಹೋಗಿತ್ತೆಂದರೆ, ಅದು ಕೆಲಸವೆಂದು ಮನೆಯಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. "ದಿನಾ ಪೂರಾ ಫೋನ್ ಹಿಡಕೊಂಡು ಕುಂತಿರ್ತಾಳ" ಎಂದು ಗುರುಬಸವ್ವ ನೆರೆಯವರಿಗೆ ಹೇಳುತ್ತಿದ್ದಳು. ಶೈಲಶ್ರೀ ಕೂತದ್ದೊಂದೇ ಆ ಮಾತಿನಲ್ಲಿ ಸುಳ್ಳು.

ಹೆಂಗಸರಿಗೆ ವಾಟ್ಸಾಪ್ ಬೇಕು. ಅವಳಿಗೆ ಕುರ್ಚಿ ಬೇಕು. ಕಚೇರಿಗೆ ವಿಡಿಯೊ ಬೇಕು. ಇದನ್ನು ಹೇಗೆ ಮಡಿಚಿ ನೋಡಿದರೂ ಮಾರ್ಗರೀಟಾ ಹೊರಗೆ ಉಳಿಯುತ್ತಿದ್ದಳು.

ತೀರ್ಮಾನದ ಮೀಟಿಂಗಿನ ಸಂಜೆ ಗುರುಬಸವ್ವ ಮಣಿಕಟ್ಟು ಹಿಡಿದುಕೊಂಡು ಮಂಚದ ಮೇಲೆ ಕೂತುಬಿಟ್ಟಳು. "ಇವತ್ತ ನನ್ನ ಕೈಲೆ ಆಗೂದಿಲ್ಲವಾ. ಬಾತೈತಿ ನೋಡು."

ನಿಜವಾಗಿ ಬಾತಿತ್ತು. ದಿನವೂ ರೊಟ್ಟಿ ಬಡಿದರೆ ಏನಾಗುತ್ತದೆಂದು ಶೈಲಶ್ರೀಗೆ ಗೊತ್ತಿಲ್ಲದ್ದೇನಲ್ಲ.

ಮಲ್ಲೇಶನದು ರಾತ್ರಿ ಪಾಳಿ. ಉಂಡು, ಬುತ್ತಿ ಕಟ್ಟಿಸಿಕೊಂಡು ಹೊರಡಬೇಕು. "ಇವತ್ತ ನಿಂದು ಪರ್ಮನೆಂಟ್ ಆಗೂ ದಿವಸ" ಎಂದು ಅವನೇ ಕುರ್ಚಿಯ ಮೇಲಿನ ಬಟ್ಟೆ ತೆಗೆದ. "ಆರಾಮ ಕುಂತು ಮಾತಾಡು."

"ರೊಟ್ಟಿ?"

"ಲಗೂನ ನಾಕು ಬಡದು ಬಂದು ಕುಂದ್ರು."

"ನಾಕು ಬಡಿಯೂದು ನೀವ ಬಡೀರಿ, ನಾ ಆರಾಮ ಕುಂದರ್ತೇನಿ."

"ಏ, ತಮಾಷಿ ಮಾಡಬ್ಯಾಡ, ಪಾಳಿಗೆ ಹೊತ್ತಾಗೇತಿ" ಎಂದು ಅವನು ನಗುತ್ತ ಬಚ್ಚಲಿಗೆ ಹೋದ. ಅವಳು ತಮಾಷೆ ಮಾಡಿರಲಿಲ್ಲ.

ನೀರು ಕುದಿಸಿ ಹಿಟ್ಟು ನಾದುವಷ್ಟರಲ್ಲಿ ಏಳಾಯಿತು. ಫೋನನ್ನು ಒಲೆಯ ಕಟ್ಟೆಯ ಮೇಲಿನ ಗೂಡಿನಲ್ಲಿ, ಮುಖದ ಎತ್ತರಕ್ಕೆ ಇಟ್ಟಳು. ಆ ಆ್ಯಪಿನಲ್ಲಿ ಹಿನ್ನೆಲೆಯನ್ನು ಮಸುಕು ಮಾಡುವ ಗುಂಡಿಯಿದೆ. ಅದನ್ನು ಒತ್ತಿಯೇ ಕೂರಬೇಕೆಂದು ಲೋಕೇಶ ಎಲ್ಲರಿಗೂ ಹೇಳಿಕೊಟ್ಟಿದ್ದ. ಸುತ್ತಲ ಸದ್ದನ್ನು ನುಂಗುವ ಇನ್ನೊಂದು ಗುಂಡಿಯೂ ಇದೆ. ಶೈಲಶ್ರೀ ಎರಡನ್ನೂ ಒತ್ತಿದಳು. ಪರದೆಯ ಮೇಲೆ ಮಸಿ ಹಿಡಿದ ಗೋಡೆ, ಎಣ್ಣೆಯ ಡಬ್ಬಿ, ಬಾಗಿಲಾಚೆ ಮಂಚದ ಮೇಲಿದ್ದ ಅತ್ತೆ ಎಲ್ಲ ಕರಗಿ ಮಂಜಾಯಿತು. ಉಳಿದದ್ದು ಪೌಡರ್ ಹಚ್ಚಿದ ಅವಳ ಮುಖ. ಕಟ್ಟೆಯ ಮೇಲೆ ಕೈ ಬಡಿಯುತ್ತಿತ್ತು. ಆ ಸದ್ದು ಹುಬ್ಬಳ್ಳಿಗೆ ಹೋಗಲಿಲ್ಲ.

ಲೋಕೇಶ ತನ್ನ ಮನೆಯಲ್ಲೇ ಕೂತಿದ್ದ. ಅವನ ಹಿಂದೆಯೂ ಮಂಜು. ಮಳಗಿಯ ಸಹನಾ ಮಗುವನ್ನು ತೊಡೆಯ ಮೇಲೆ ತಟ್ಟುತ್ತಿದ್ದಳು. ಮೂರನೆಯ ಚೌಕದಲ್ಲಿ ಬೂದು ಹೊಳಪು.

"ಮಾರ್ಗರೀಟಾ ಅವ್ರು ಇವತ್ತೂ ಬಂದಿಲ್ಲ" ಎಂದ ಲೋಕೇಶ.

"ಇದ್ದೇವ್ರಿ ಸಾಹೇಬ್ರ! ಎಂಟೂ ಮಂದಿ ಇದ್ದೇವಿ!" ಡಬರಿ ಗುಂಯ್ಗುಟ್ಟಿತು.

"ಮಾತು ಬ್ಯಾಡ್ರಿ, ಕಾಣಬೇಕು. ಇದು ಮೂರನೇ ಸಲ. ಆತು, ಅದನ್ನ ಆಮ್ಯಾಲೆ ನೋಡೂಣು. ಶೈಲಶ್ರೀ ಮೇಡಂ, ನೀವು ಹೇಳಿಬಿಡ್ರಿ. ಎರಡರಾಗ ಯಾವುದು?"

ಹಂಚಿನ ಮೇಲೆ ರೊಟ್ಟಿ ಬಿದ್ದಿತ್ತು. ಅದಕ್ಕೆ ನೀರಿನ ಬಟ್ಟೆ ಸವರಬೇಕು. ಸವರಲು ಬಗ್ಗಿದರೆ ಮುಖ ಚೌಕದಿಂದ ಆಚೆ ಹೋಗುತ್ತದೆ. ಅವಳು ಬಗ್ಗದೆ, ನೋಡದೆ, ಅಂದಾಜಿನಲ್ಲೇ ಬಟ್ಟೆ ಆಡಿಸಿದಳು. ಬೆರಳಿಗೆ ಹಂಚು ತಾಗಿ ಚುರ್ ಎಂದಿತು. ಮುಖ ಅಲುಗಿಸಲಿಲ್ಲ. 'ವಿಡಿಯೊ' ಎಂಬ ಒಂದು ಮಾತು ನಾಲಗೆಯ ತುದಿಗೆ ಬಂದಿತ್ತು. ಅದೊಂದು ಆಡಿದರೆ ಆಯಿತು.

ಅಷ್ಟರಲ್ಲಿ ಲೋಕೇಶನ ಹಿಂದಿನ ಮಂಜಿನಿಂದ ಒಂದು ಕೈ ಹೊರಬಂತು. ಹಸಿರು ಬಳೆಯ ಕೈ. ಅವನ ಮುಂದೆ ಚಹಾದ ಕಪ್ಪು ಇಟ್ಟು, ಮತ್ತೆ ಮಂಜಿನೊಳಗೆ ಹೋಯಿತು. ಲೋಕೇಶ ತಿರುಗಿ ನೋಡದೆ ಕಪ್ಪು ಎತ್ತಿ ಒಂದು ಗುಟುಕು ಕುಡಿದ.

"ಹೇಳ್ರಿ ಮೇಡಂ."

"ಸರ್, ಚಹಾ ಯಾರು ತಂದ್ರು?"

"ಏನ್ರಿ?"

"ಈಗ ನಿಮ್ಮ ಮುಂದ ಚಹಾ ಬಂತಲ್ರಿ. ಬಳೀ ಕಂಡ್ವು, ಮಾರಿ ಕಾಣಲಿಲ್ಲ."

ಲೋಕೇಶ ಕಪ್ಪನ್ನೂ ಪರದೆಯನ್ನೂ ಒಮ್ಮೆ ನೋಡಿದ. "ನಮ್ಮ ಮನಿಯವ್ರು. ಯಾಕ್ರಿ?"

"ಅವ್ರೂ ಕ್ಯಾಮೆರಾದಾಗ ಮಾರಿ ತೋರಿಸ್ಲಿಲ್ರಿ. ಮೂರು ಸಲ ಆದ್ರ ಅವ್ರನ್ನೂ ತೆಗೀತೀರೇನು?"

ಸಹನಾ ಫಕ್ಕನೆ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡಬರಿ ಭೋರೆಂದು ನಕ್ಕಿತು. ಲೋಕೇಶ ನಗಲಿಲ್ಲ. ಬಚ್ಚಲಿನಿಂದ ಬಂದು ಬಾಗಿಲಲ್ಲಿ ನಿಂತ ಮಲ್ಲೇಶ ಎರಡೂ ಕೈ ಜೋಡಿಸಿ 'ಬೇಡ, ಬೇಡ' ಎಂದು ಹೆಂಡತಿಗೆ ಸನ್ನೆ ಮಾಡತೊಡಗಿದ.

ಹಿಟ್ಟಿನ ಬೆರಳಿನಿಂದಲೇ ಶೈಲಶ್ರೀ ಎರಡೂ ಗುಂಡಿ ಆರಿಸಿದಳು. ಮಂಜು ಹರಿದು ಮಸಿ ಗೋಡೆ ಬಂತು, ಡಬ್ಬಿಗಳು ಬಂದವು. ಸೀಯುತ್ತಿದ್ದ ರೊಟ್ಟಿಯ ಹೊಗೆ ಬಂತು. ಬನಿಯನ್ನಿನಲ್ಲಿದ್ದ ಮಲ್ಲೇಶ ಗೋಡೆಯ ಮರೆಗೆ ಜಿಗಿದ. "ಯವ್ವಾ, ನನ್ನ ಯಾಕ ತೋರಸ್ತೀಯವಾ ಮಂದಿಗೆ!" ಎಂದು ಗುರುಬಸವ್ವ ಬಾತ ಕೈಯಿಂದಲೇ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಶೈಲಶ್ರೀ ರೊಟ್ಟಿ ಮಗುಚಿ ಹಾಕಿ ಮುಂದಿನ ಉಂಡೆ ಬಡಿಯಲು ಶುರುಮಾಡಿದಳು. ಈ ಸಲ ಸದ್ದು ಹುಬ್ಬಳ್ಳಿಗೆ ಮುಟ್ಟಿತು.

"ಹೇಳ್ತೇನ್ರಿ ಸರ್. ವಿಡಿಯೊ ಕೆಟ್ಟದ್ದಲ್ರಿ. ಬಣ್ಣದ ಜಗಳ ವಾಟ್ಸಾಪಿನಾಗ ವಾರಗಟ್ಟಲೆ ಎಳೀತೈತಿ, ಇದರಾಗ ಕಣ್ಣಿಲೆ ನೋಡಿ ಮುಗಸ್ತೇವಿ. ಆದ್ರ ಏಳಕ್ಕ ಒಲಿ ಮುಂದಿದ್ದವ್ರನ್ನ ಎಬಸ್ಬ್ಯಾಡ್ರಿ. ಮಧ್ಯಾಹ್ನ ಎಲ್ಲಾರೂ ಕೂಡಿ ಹೊಲ್ಯಾಕ ಕುಂತಿರ್ತಾರ. ವಾರಕ್ಕೊಮ್ಮೆ ಆವಾಗ ಮಾಡ್ರಿ. ಕೌದಿ ತೋರಸ್ತೇವಿ, ಮಾರಿನ ಬೇಕಂದ್ರ ಅದನ್ನೂ ತೋರಸ್ತೇವಿ. ಉಳದ ದಿವಸ ದನಿ ಮೆಸೇಜ್ ಸಾಕು, ಕೈ ನಿಲ್ಲೂದಿಲ್ಲ. ಆದ್ರ ದೀಪಾ ಹಚ್ಚಿದ ಮ್ಯಾಲೆ ಆ ಗುಂಪು ಬಂದ್ ಆಗ್ಬೇಕ್ರಿ. ನನಗೂ ಮನಿ ಐತಿ."

"ಹಿಂದಿಂದು ಮಸುಕ ಮಾಡೂದೂ ಬ್ಯಾಡಂತ ಹೇಳ್ರಿ ಅಕ್ಕಾ!" ಡಬರಿಯೊಳಗಿಂದ ಮಾರ್ಗರೀಟಾ ಕೂಗಿದಳು. "ಮೊನ್ನಿ ನೀವು ನನ್ನ ಕೌದಿ ಹಿಡದು ತೋರ್ಸಿದ್ರಲ್ಲಾ, ಇಣಕಿ ನೋಡಿದ್ರ ಫೂಲಾ ಎಲ್ಲಾ ಮಾಯ ಆಗಿದ್ವು. ಬತ್ತಲಿ ಕೌದಿ ತೋರ್ಸಿ ನಮ್ಮ ಮಾನ ಕಳದ್ರಿ!" ಅಷ್ಟರಲ್ಲಿ ಬೂದು ಹೊಳಪು ಅಲುಗಿತು. ಚೌಕದ ತುಂಬ ಒಂದು ಗುಂಗುರು ತಲೆ, ದೊಡ್ಡ ಹಣೆ, ಡಬರಿಯೊಳಗೆ ಇಣುಕುವ ಎರಡು ಕಣ್ಣು ಕಂಡವು. "ಕಂಡ್ತೇನ್ರಿ ಸಾಹೇಬ್ರ?"

ಲೋಕೇಶ ಕಪ್ಪನ್ನು ಪಕ್ಕಕ್ಕೆ ಸರಿಸಿದ. ಕೊನೆಗೆ, "ಮ್ಯಾಲಿನವ್ರಿಗೆ ಹೇಳಿ ನೋಡ್ತೇನಿ. ಆದ್ರ ಮೇಡಂ, ನಿಮ್ಮ ಹೆಸರಿನ ವಿಚಾರ..." ಎಂದು ನಿಲ್ಲಿಸಿದ. ಆಮೇಲೆ ತಿರುಗಿ ಮಂಜಿನ ಕಡೆ ನೋಡಿದ. ಅಲ್ಲಿ ಯಾರಾದರೂ ಇದ್ದರೋ ಇಲ್ಲವೋ ಇವರಿಗೆ ಕಾಣಲಿಲ್ಲ. ಚೌಕ ಆರಿತು.

ಮರುದಿನ ಮಧ್ಯಾಹ್ನ ಪಾತ್ರೆ ತಿಕ್ಕುವಾಗ ಟಿಂಗ್ ಎಂದಿತು. ಗುಂಪಿನಲ್ಲಿ ಲೋಕೇಶನ ಮೆಸೇಜು. ವಾರಕ್ಕೊಮ್ಮೆ ಮಧ್ಯಾಹ್ನ ವಿಡಿಯೊ, ಉಳಿದಂತೆ ವಾಟ್ಸಾಪ್, ದೀಪ ಹಚ್ಚುವ ಹೊತ್ತಿಗೆ ಬಂದ್. ಸದ್ಯಕ್ಕೆ ಇದು ಪ್ರಯೋಗ. ಯಾರನ್ನೂ ಗುಂಪಿನಿಂದ ತೆಗೆಯುವುದಿಲ್ಲ. ಸಂಯೋಜಕಿಯ ನೇಮಕ ಮುಂದಕ್ಕೆ ಹಾಕಿದೆ, ಶೈಲಶ್ರೀಯವರು ಈಗಿರುವಂತೆಯೇ ಮುಂದುವರಿಯುವುದು. ಅದರ ಕೆಳಗೇ ಮಾರ್ಗರೀಟಾಳ ದನಿ ಇತ್ತು. ಮಾತೇ ಇಲ್ಲ, ಬರೀ ನಗು, ಹಿಂದೆ ಕೋಳಿಗಳು.

"ಬಾಯಿ ಮುಚಗೊಂಡು ವಿಡಿಯೊ ಅಂದಿದ್ರ ಮುಗೀತಿತ್ತು" ಎಂದ ಮಲ್ಲೇಶ. ಅವಳು ಬೋಗುಣಿ ಬೋರಲು ಹಾಕಿದಳು. ಅವನು ಹೇಳಿದ್ದು ಸುಳ್ಳಲ್ಲ ಎಂಬುದೇ ಅವಳನ್ನು ಇಡೀ ಮಧ್ಯಾಹ್ನ ಕುಟುಕಿತು.

ಸಂಜೆ ಏಳಾಯಿತು. ಶೈಲಶ್ರೀ ಬಟ್ಟೆಯ ರಾಶಿಯನ್ನು ಮಂಚಕ್ಕೆ ಸರಿಸಿದಳು. ಫೋನನ್ನು ಬೋರಲಾಗಿಟ್ಟು ಕುರ್ಚಿಯಲ್ಲಿ ಕೂತಳು.

ಗುರುಬಸವ್ವ ಟಿವಿಯ ದನಿ ಸಣ್ಣದು ಮಾಡಲು ಹೋಗಿ ತಡೆದಳು. "ಮೀಟಿಂಗ್ ಮಧ್ಯಾಹ್ನಕ್ಕ ಹೋತಂದಿ?"

"ಹೋತ್ರಿ ಅತ್ತಿ."

"ಮತ್ತ?"

"ಮತ್ತೇನಿಲ್ರಿ. ಕುಂತೇನಿ."

ಗುರುಬಸವ್ವ ಮಗನ ಮುಖ ನೋಡಿದಳು. ಮಲ್ಲೇಶ ಒಲೆ ನೋಡಿದ. ಹಿಟ್ಟಿನ ಡಬ್ಬಿ ಮುಚ್ಚಿಯೇ ಇತ್ತು. ಶೈಲಶ್ರೀಯ ಕಾಲು ಎರಡು ಸಲ ಏಳಲು ಹವಣಿಸಿತು. ಕುರ್ಚಿಯ ಸೀಳಿದ ಕೈಯನ್ನು ಗಟ್ಟಿಯಾಗಿ ಹಿಡಿದು ಕೂತಳು.

"ಪಾಳಿಗೆ ಹೊತ್ತಾಗತೈತಿ" ಎಂದ ಮಲ್ಲೇಶ, ಯಾರಿಗೂ ಅಲ್ಲದಂತೆ.

ಸ್ವಲ್ಪ ಹೊತ್ತಿನ ಮೇಲೆ ಹಿಟ್ಟು ನಾದುವ ಪರಾತ ಕಟ್ಟೆಗೆ ತಾಗಿದ ಸದ್ದಾಯಿತು, ಡಬ್ಬಿಯ ಮುಚ್ಚಳ ಕೆಳಗೆ ಬಿತ್ತು.

"ಹಿಟ್ಟು ಎಷ್ಟು ಹಾಕೂದು?" ಒಳಗಿನಿಂದ ಮಲ್ಲೇಶನ ಸಿಟ್ಟಿನ ದನಿ ಬಂತು.

"ಮೊದಲ ನೀರು ಕುದಿಸ್ರಿ" ಎಂದಳು ಶೈಲಶ್ರೀ, ಕೂತಲ್ಲಿಂದಲೇ.