ಆರಕ್ಕೆ ಮೂರು ಕೂಡಿಸಿದ ಲೆಕ್ಕ

ಚಾಮರಾಜಪೇಟೆಯಲ್ಲಿ ನನ್ನದು ಕರೆಂಟ್ ಒಲೆ, ಇಸ್ತ್ರಿಪೆಟ್ಟಿಗೆ ರಿಪೇರಿ ಅಂಗಡಿ. ಗಣೇಶನ ಹಬ್ಬ ಬಂದರೆ ಬೀದಿಬೀದಿಗೂ ಸೀರಿಯಲ್ ಸೆಟ್ ಕಟ್ಟುತ್ತಿದ್ದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ನಿಜ. ಆದರೆ ಕರೆಂಟಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬವಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಹತ್ತನೇ ಕ್ಲಾಸಿನಲ್ಲಿದ್ದ ಮಗಳು ಒಂದು ಸಂಜೆ ಲೆಕ್ಕವೊಂದನ್ನು ತಂದಳು. ಆರು ಓಮಿನದೊಂದು, ಮೂರು ಓಮಿನದೊಂದು, ಹೀಗೆ ಎರಡು ರೋಧಗಳು ಸಮಾಂತರವಾಗಿ ಪಕ್ಕಪಕ್ಕದಲ್ಲಿವೆ. ಒಟ್ಟು ರೋಧ, ಅಂದರೆ ಕರೆಂಟಿಗೆ ತಡೆ, ಎಷ್ಟು?

"ಒಂಬತ್ತು. ಬರ್ಕೊ," ಅಂದೆ.

"ಕೂಡಿಸೋದೇನಾ ಅಪ್ಪಾ? ಮೇಷ್ಟ್ರು ಬೇರೆ ಏನೋ ಹೇಳಿದ್ರು."

"ನಿಮ್ಮ ಮೇಷ್ಟ್ರು ಯಾವತ್ತಾದ್ರೂ ಕಂಬ ಹತ್ತಿದಾರಾ? ದಿನಾ ಇದೇ ಕೆಲಸ ಕಣೇ ನಂದು."

ಸೀರಿಯಲ್ ಸೆಟ್ಟಿನಲ್ಲಿ ಬಲ್ಬಿನ ಹಿಂದೆ ಬಲ್ಬು ಸೇರಿಸಿದಂತೆಲ್ಲ ಬೆಳಕು ಮಂಕಾಗುವುದನ್ನು ನೋಡಿ ನೋಡಿ, ಸೇರಿಸಿದರೆ ತಡೆ ಹೆಚ್ಚುತ್ತದೆ ಎಂದೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಮುಂದಿನ ವಾರ ಆ ಮೇಷ್ಟ್ರೇ ಕೆಟ್ಟ ಒಲೆ ಹಿಡಿದುಕೊಂಡು ಅಂಗಡಿಗೆ ಬಂದರು.

"ನಿಮ್ಮ ಮಗಳು ಚುರುಕು ಕಣ್ರೀ. ಆದ್ರೆ ಸಮಾಂತರದ ಲೆಕ್ಕಾನ ಸುಮ್ನೆ ಕೂಡಿಸಿಟ್ಟಿದಾಳೆ. ಯಾರಮ್ಮ ಹೇಳ್ಕೊಟ್ಟಿದ್ದು ಅಂದ್ರೆ, ಯಾರೂ ಇಲ್ಲ ಸಾರ್, ನಾನೇ ತಪ್ಪು ಮಾಡ್ದೆ ಅಂತಾಳೆ. ಕ್ಲಾಸೆಲ್ಲ ನಕ್ಬಿಡ್ತು. ಪಾಪ, ತಲೆ ತಗ್ಗಿಸ್ಕೊಂಡು ನಿಂತಿದ್ಲು."

ಇನ್ನಿಬ್ಬರು ಗಿರಾಕಿಗಳು ಕೇಳಿಸಿಕೊಳ್ಳುತ್ತಿದ್ದರು.

"ಹೇಳ್ಕೊಟ್ಟಿದ್ದು ನಾನೇ ಸಾರ್."

ಮೇಷ್ಟ್ರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಒಲೆ ತೋರಿಸಿ ಕೇಳಿದರು: "ಈ ಕಾಯಿಲ್ ಪಕ್ಕ ಇನ್ನೊಂದು ಕಾಯಿಲ್ ಇಟ್ಟು, ಎರಡಕ್ಕೂ ನೇರವಾಗಿ ಕರೆಂಟ್ ಕೊಟ್ರೆ?"

"ಜಾಸ್ತಿ ಎಳೆಯುತ್ತೆ ಸಾರ್. ಫ್ಯೂಸ್ ಹೋದ್ರೂ ಹೋಯ್ತು."

"ಜಾಸ್ತಿ ಎಳೀಬೇಕಂದ್ರೆ ತಡೆ ಕಮ್ಮಿ ಆಗಿರ್ಬೇಕಲ್ವಾ? ಕರೆಂಟಿಗೆ ದಾರಿ ಎರಡಾಯ್ತಲ್ಲ. ಆರು ಮೂರ್ಲೆ ಹದಿನೆಂಟು. ಅದನ್ನ ಆರೂ ಮೂರೂ ಸೇರಿದ ಒಂಬತ್ತರಿಂದ ಭಾಗ್ಸಿ. ಎರಡೇ ಓಮ್."

ಹಾಗೆ ಹೋದ ಫ್ಯೂಸುಗಳನ್ನು ಎಷ್ಟು ಮನೆಗಳಲ್ಲಿ ಕಟ್ಟಿಕೊಟ್ಟಿದ್ದೆನೋ. ಯಾಕೆ ಹೋಯಿತು ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಮಗಳ ಹತ್ತಿರ ತಪ್ಪು ನಂದೇ ಅನ್ನಬೇಕೆಂದು ಅವತ್ತು ಅಂಗಡಿಯನ್ನು ಬೇಗನೆ ಮುಚ್ಚಿ ಹೋದೆ. ನಡುಮನೆಯಲ್ಲಿ ಬರೆಯುತ್ತಾ ಕೂತಿದ್ದವಳು ನನ್ನನ್ನು ಕಂಡದ್ದೇ ಪುಸ್ತಕ ಮುಚ್ಚಿದಳು.

"ಏನಮ್ಮ ಅದು, ಕರೆಂಟಿನ ಲೆಕ್ಕಾನಾ?"

"ಅಲ್ಲಪ್ಪ, ಸಮಾಜ," ಅಂದಳು. ಕ್ಲಾಸಿನಲ್ಲೂ ಹೀಗೇ ಹೇಳಿರಬೇಕು, ಕಣ್ಣೆತ್ತದೆ.

ರಟ್ಟಿನ ಅಂಚಿನಿಂದ ಇಣುಕುತ್ತಿದ್ದ ಹಾಳೆಯಲ್ಲಿ ರೋಧದ ಅಂಕುಡೊಂಕು ಗೆರೆ ಕಾಣುತ್ತಿತ್ತು. ಗಿರಾಕಿಗಳ ಎದುರು ಆಡಿದ ಮಾತು ಅವಳೊಬ್ಬಳ ಎದುರು ಬಾಯಿಗೆ ಬರಲಿಲ್ಲ.

"ಓದ್ಕೊ," ಅಂದು, ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ.