ಭಾನುವಾರದ ಉತ್ತರಪತ್ರಿಕೆಗಳು

ಸಿ.ಎ. ಅಂತಿಮ ಪರೀಕ್ಷೆಯಲ್ಲಿ ಎರಡನೆಯ ಸಲವೂ ಫೇಲಾದಾಗ ನಾನು ಪುತ್ತೂರಿನ ಆಡಿಟರ್ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದೆ. ಓದಿದ್ದು ಸಾಲದೆಂದು ಯಾರೂ ಹೇಳುವಂತಿರಲಿಲ್ಲ. ನನ್ನೂರು ಕಡಬದಿಂದ ಬರುವ ಬಸ್ಸಿನಲ್ಲೂ ಪುಸ್ತಕ ತೊಡೆಯ ಮೇಲೆಯೇ ಇರುತ್ತಿತ್ತು. ಹಳದಿ ಪೆನ್ನಿನಿಂದ ಗೆರೆ ಎಳೆದೂ ಎಳೆದೂ, ಕೆಲವು ಪುಟಗಳಲ್ಲಿ ಗೆರೆ ಬೀಳದ ಸಾಲೇ ಉಳಿದಿರಲಿಲ್ಲ.

ಅದೇ ಕಚೇರಿಯಲ್ಲಿ ನನ್ನ ಜೊತೆ ತರಬೇತಿ ಮುಗಿಸಿದ್ದ ಗೆಳತಿಯೂ ಫೇಲಾಗಿದ್ದಳು. ಅವಳು ಕಬಕದ ಬ್ಯಾರಿ ಮುಸ್ಲಿಮರ ಮನೆಯೊಂದರ ಸೊಸೆ. ಗಂಡ ಗಲ್ಫ್‌ನಲ್ಲಿದ್ದ, ಮಗಳು ಆಗಷ್ಟೇ ನಡೆಯಲು ಕಲಿತಿದ್ದಳು. ನಾವಿಬ್ಬರೂ ನಮ್ಮ ಉತ್ತರಪತ್ರಿಕೆಗಳ ಪ್ರತಿ ತರಿಸಿಕೊಂಡು, ಅವಳ ಮನೆಯ ಮಹಡಿಯಲ್ಲಿ ಕೂತು ನೋಡಿದೆವು. ನನ್ನ ಮೊದಲ ಉತ್ತರಗಳು ಪುಟಗಟ್ಟಲೆ ಹರಿದಿದ್ದವು, ಕೊನೆಯ ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ. ಅವಳ ತೊಂದರೆ ಬೇರೆ. ಒಂದು ಲೆಕ್ಕ ತಾಳೆಯಾಗದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುವುದು ಅವಳಿಂದ ಆಗುತ್ತಿರಲಿಲ್ಲ.

"ಓದುದು ಸಾಕು. ಇನ್ನು ಬರೆಯುವ," ಎಂದಳು.

ಹಾಗೆ ಭಾನುವಾರಗಳು ಶುರುವಾದವು. ಬೆಳಿಗ್ಗೆ ಅವಳ ಅತ್ತೆ ಮಗುವನ್ನೆತ್ತಿಕೊಂಡು ಕೆಳಗೆ ಹೋದ ಮೇಲೆ ನಾವು ಫೋನಿನಲ್ಲಿ ಅಲಾರಾಂ ಇಟ್ಟು, ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಪೂರ್ತಿ ಬರೆಯುತ್ತಿದ್ದೆವು. ಊಟವಾದ ಮೇಲೆ ಅವಳದ್ದನ್ನು ನಾನು, ನನ್ನದನ್ನು ಅವಳು ತಿದ್ದಬೇಕು.

ಮೊದಲ ವಾರವೇ ಕಂಪೆನಿ ಕಾನೂನಿನ ನನ್ನ ಒಂದು ಉತ್ತರಕ್ಕೆ ಅವಳು ಸೊನ್ನೆ ಹಾಕಿದಳು. ಕಾನೂನು ಏನೆನ್ನುತ್ತದೆ ಎಂಬುದನ್ನೆಲ್ಲ ಬರೆದಿದ್ದೆನಲ್ಲ ಎಂದು ವಾದಿಸಿದೆ. ಪ್ರಶ್ನೆಯಲ್ಲಿದ್ದ ನಿರ್ದೇಶಕನನ್ನು ತೆಗೆಯಬಹುದೋ ಬಾರದೋ ಎಂಬುದನ್ನು ಎಲ್ಲಿ ಬರೆದಿದ್ದೀ ಎಂದು ಕೇಳಿದಳು. ಅದು ಗೊತ್ತೇ ಇದೆಯಲ್ಲ ಎಂದೆ.

"ನಿನಗೆ ಗೊತ್ತುಂಟು ಅಂತ ನನಗೆ ಗೊತ್ತುಂಟು. ಪೇಪರ್ ನೋಡುವವರಿಗೆ ಎಂತ ಗೊತ್ತು, ಮಾರಾಯ್ತಿ?"

ಸಿಟ್ಟು ಬಂತು. ಕಡಬದ ಬಸ್ಸು ಹತ್ತುವಾಗಲೂ ಇಳಿದಿರಲಿಲ್ಲ. ಆದರೆ ಮರುದಿನ ಅದೇ ಉತ್ತರವನ್ನು ಮೂರು ತುಂಡು ಮಾಡಿ ಬರೆದು ನೋಡಿದೆ: ಕಾನೂನಿನ ಮಾತು ಎರಡು ಸಾಲು, ಪ್ರಶ್ನೆಯಲ್ಲಿರುವವನ ಸಂಗತಿ ಎರಡು ಸಾಲು, ಕೊನೆಗೆ ತೀರ್ಮಾನ. ಮುಕ್ಕಾಲು ಪುಟದಲ್ಲಿ ಮುಗಿಯಿತು. ಕೈಗೆ ಬಿಡುವು ಸಿಕ್ಕಂತಾಯಿತು.

ಅವಳಿಗೆ ನಾನು ಹಾಕಿದ ಶರತ್ತು ಇನ್ನೂ ಕಠಿಣ. ಒಂದು ಲೆಕ್ಕಕ್ಕೆ ಇಟ್ಟ ಸಮಯ ಮುಗಿದ ಕೂಡಲೇ, ಎಷ್ಟೇ ಉಳಿದಿದ್ದರೂ, ಅರ್ಧ ಪುಟ ಖಾಲಿ ಬಿಟ್ಟು ಮುಂದಿನದಕ್ಕೆ ಹೋಗಬೇಕು. ಮೊದಮೊದಲು ಅಲಾರಾಂ ಹೊಡೆದರೂ ಅವಳ ಪೆನ್ನು ನಿಲ್ಲುತ್ತಿರಲಿಲ್ಲ, ನಾನೇ ಕೈಯಿಂದ ಕಸಿಯಬೇಕಿತ್ತು. ಅಳುವ ಮಗುವನ್ನು ಬಿಟ್ಟು ಬಂದ ಹಾಗೆ ಆಗುತ್ತದೆ ಎನ್ನುತ್ತಿದ್ದಳು. ಮಳೆ ಹಿಡಿಯುವ ಹೊತ್ತಿಗೆ ಅವಳೇ ಪೆನ್ನು ಕೆಳಗಿಡತೊಡಗಿದಳು.

ಪರೀಕ್ಷೆ ಮಂಗಳೂರಿನಲ್ಲಿತ್ತು. ಪ್ರಶ್ನೆ ಓದಲೆಂದು ಕೊಡುವ ಮೊದಲ ಹದಿನೈದು ನಿಮಿಷಗಳಲ್ಲಿ, ಧೈರ್ಯವಿರುವ ಪ್ರಶ್ನೆಗಳನ್ನು ಆರಿಸಿ ಬರೆಯುವ ಕ್ರಮ ನಿಶ್ಚಯಿಸಿಕೊಂಡೆ. ಅಂದು ನನಗೂ ಒಂದು ದೊಡ್ಡ ಲೆಕ್ಕ ತಾಳೆಯಾಗಲಿಲ್ಲ. ಜಾಗ ಬಿಟ್ಟು ಮುಂದೆ ಹೋದೆ. ಅದಕ್ಕೆ ಮರಳಲು ಕೊನೆಗೂ ಸಮಯ ಸಿಗಲಿಲ್ಲ, ಆದರೆ ಬರೆಯಬೇಕಾಗಿದ್ದ ಉಳಿದ ಉತ್ತರಗಳೆಲ್ಲ ಮುಗಿದಿದ್ದವು.

ಆ ಸಲ ನಾನು ಪಾಸಾದೆ. ಅವಳಿಗೆ ಪರೀಕ್ಷೆಯ ಎರಡು ಗ್ರೂಪ್‌ಗಳಲ್ಲಿ ಒಂದು ಆಯಿತು, ಇನ್ನೊಂದು ಸ್ವಲ್ಪದರಲ್ಲಿ ತಪ್ಪಿತು. ಮುಂದಿನ ಭಾನುವಾರ ಕಬಕಕ್ಕೆ ಹೋದೆ. ಮೇಜಿನ ಮೇಲೆ ಒಬ್ಬರಿಗೆ ಸಾಕಾಗುವಷ್ಟು ಹಾಳೆ ಇಟ್ಟಿದ್ದಳು.

"ನೀನಿನ್ನು ತಿದ್ದುದು ಮಾತ್ರ," ಎಂದಳು. "ಕನಿಕರ ಮಾಡ್ಬೇಡ ಆಯ್ತಾ."

ಮಾಡಲಿಲ್ಲ. ಮತ್ತೊಂದು ಮಳೆಗಾಲ ಕಳೆಯುವವರೆಗೆ ಅವಳು ಬರೆದಳು, ನಾನು ಕೆಂಪು ಪೆನ್ನು ಹಿಡಿದು ಎದುರು ಕೂತೆ. ಫಲಿತಾಂಶ ಬಂದ ದಿನ ಫೋನು ಮಾಡಿ, ಪಾಸು ಎಂದಳು. ಆಮೇಲೆ ನಗುತ್ತಾ ಅತ್ತೆಯ ವಿಷಯ ಹೇಳಿದಳು. ಸುದ್ದಿ ಕೇಳಿ ಸೊಸೆಯ ತಲೆ ಸವರಿದ ಅವರು, ಇದರ ಮೇಲೆ ಇನ್ನು ಬೇರೆ ಪರೀಕ್ಷೆ ಉಂಟಾ ಎಂದು ಬ್ಯಾರಿ ಭಾಷೆಯಲ್ಲಿ ವಿಚಾರಿಸಿದರಂತೆ. ಇಲ್ಲ ಎಂದ ಮೇಲೆಯೇ ಅವರು ಪಾಯಸಕ್ಕೆ ಹಾಲು ಒಲೆಗಿಟ್ಟದ್ದು.